ಅಮ್ಮನ ಅಡುಗೆಮನೆಗೆ ಸೆಟ್ ಮೇಸ್ತ್ರಿ ಬಂದರು!

ಸಿನಿಮಾದ ಅಡುಗೆಮನೆಯನ್ನು ನೀವು ನೂರಾರು ಸಲ ನೋಡಿದ್ದೀರಿ. ಪಂಡರಿಬಾಯಿಯಂಥ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡ ಅಡುಗೆಮನೆ, ನಾಯಕ ಕಳ್ಳಹೆಜ್ಜೆಯಲ್ಲಿ ಬಂದು ನಾಯಕಿಯ ಕಣ್ಣು ಮುಚ್ಚುವ ಅಡುಗೆಮನೆ, ಘಟವಾಣಿ ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸುವ ಅಡುಗೆಮನೆ... ಆದರೆ ಅಲ್ಲಿ ಗೋಡೆ ಎಷ್ಟಿರುತ್ತೆ ಅಂತ ಎಂದಾದರೂ ಎಣಿಸಿದ್ದೀರಾ? ಮೂರೇ ಮೂರು! ನಾಲ್ಕನೇ ಗೋಡೆ ಇರಬೇಕಾದ ಜಾಗದಲ್ಲಿ ಕ್ಯಾಮೆರಾ, ಅದರ ಹಿಂದೆ ಡೈರೆಕ್ಟರು, ಅವರ ಹಿಂದೆ ಟೀ ಹುಡುಗ. ಇಟ್ಟಿಗೆ ಗೋಡೆ ಅಂತ ಕಾಣೋದು ರೀಪರ್ ಚೌಕಟ್ಟಿಗೆ ಹೊಡೆದ ಪ್ಲೈವುಡ್ಡು. ಸಿಂಕಿನ ಕೆಳಗೆ ಪೈಪಿನ ಬದಲು ಒಂದು ಬಕೆಟ್ಟು!

ಇಂಥ ಅಡುಗೆಮನೆಗಳನ್ನು ಮೂವತ್ತು ವರ್ಷ ಕಟ್ಟಿ ಕಟ್ಟಿ ಕೆಡವಿದ ಮೇಸ್ತ್ರಿಯೊಬ್ಬರು 2024ರ ಮಾರ್ಚಿನಲ್ಲಿ ನಮ್ಮ ಮನೆಗೆ ನಿಜವಾದ ಅಡುಗೆಮನೆ ಕಟ್ಟಲು ಬಂದರು. ಅದರ ಕಥೆ ಇದು. ಹೀರೋ ಇಲ್ಲ, ಫೈಟ್ ಇಲ್ಲ. ಹೀರೋಯಿನ್ನಿಗೆ ಐವತ್ತೆಂಟು ವರ್ಷ. ಹೆಸರು, ಅಮ್ಮ.

ನಮ್ಮದು ಕುರುಬರಹಳ್ಳಿಯಲ್ಲಿ 20-30ರ ಸೈಟು. ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದಾಗ 1991ರಲ್ಲಿ ಕಟ್ಟಿಸಿದ ಮನೆ. ಅಪ್ಪ ಈಗಿಲ್ಲ. ಅಡುಗೆಮನೆ ಎಂಟಡಿ ಉದ್ದ, ಆರೂವರೆ ಅಡಿ ಅಗಲ. ಕೆಂಪು ರೆಡಾಕ್ಸೈಡ್ ನೆಲ, ಕಡಪ ಕಲ್ಲಿನ ಕಟ್ಟೆ. ಕಟ್ಟೆ ನಡುವೆ ಬಿರುಕು ಬಿಟ್ಟು, ಆ ಬಿರುಕಿನೊಳಗೆ ಜಿರಲೆಗಳು ಸಂಸಾರ ಹೂಡಿದ್ದವು. ಇದ್ದ ಒಂದು ಕಿಟಕಿಯೂ ಪಕ್ಕದ ಮನೆ ಗೋಡೆಗೆ ಮುಖ ಮಾಡಿತ್ತು. ಒಗ್ಗರಣೆ ಹಾಕಿದರೆ ಬೀದಿ ಬಾಗಿಲಲ್ಲಿ ನಿಂತ ನನಗೂ ಕೆಮ್ಮು!

ಇಷ್ಟೇ ಆಗಿದ್ದರೆ ತಳ್ಳಿಕೊಂಡು ಹೋಗುತ್ತಿದ್ದೆವೇನೋ. ಆದರೆ ಅಮ್ಮ ಹೋಳಿಗೆ ಆರ್ಡರ್ ಹಿಡಿಯುತ್ತಾರೆ. ಕಾಯಿ ಹೋಳಿಗೆ, ಬೇಳೆ ಹೋಳಿಗೆ. ಯುಗಾದಿಯ ಮೂರು ದಿನದಲ್ಲಿ ಬರುವ ದುಡ್ಡು ಮುಂದಿನ ಮೂರು ತಿಂಗಳ ಸಂಸಾರಕ್ಕೆ ದಾರಿ. ಮಗನ ಸಂಪಾದನೆ ಕೇಳಬೇಡಿ. ಸೆಕೆಂಡ್ ಪಿಯುಸಿಯ ಅಕೌಂಟೆನ್ಸಿಯಲ್ಲಿ ಎಡವಿ ಕಾಲೇಜು ಬಿಟ್ಟವನು, ಲೇಖನಕ್ಕಿಷ್ಟು ಅಂತ ಬರೆದು ಬದುಕುವವನು. ಆ 'ಇಷ್ಟು' ಎಷ್ಟು ಅಂತ ಸಂಪಾದಕ ಮಹಾಶಯರಿಗೆ ಗೊತ್ತು!

ಮುಹೂರ್ತ

ಬಜೆಟ್ಟು 1,35,000 ರೂಪಾಯಿ. ಅಮ್ಮನ ಚೀಟಿ ದುಡ್ಡು 80,000, ಅಕ್ಕ-ಭಾವ ಕೊಟ್ಟಿದ್ದು 30,000, ನನಗೆ ಅಲ್ಲಿ ಇಲ್ಲಿ ಬರಬೇಕಿದ್ದ ಬಾಕಿ 25,000. (ಈ ಮೂರನೆಯದು ಕೊನೆಗೂ ಪೂರ್ತಿ ಬರಲಿಲ್ಲ, ಅದು ಬೇರೆ ಕಥೆ.) ಒಂದು ಚಿತ್ರದ ಪ್ರೆಸ್‌ಮೀಟ್ ಆಹ್ವಾನ ಪತ್ರಿಕೆಯ ಬೆನ್ನ ಮೇಲೆ ನಾನೇ ಪ್ಲಾನ್ ಬರೆದೆ. ಸಿಂಕ್ ಇಲ್ಲಿ, ಸ್ಟವ್ ಅಲ್ಲಿ, ನಡುವೆ ಹಚ್ಚೋದಕ್ಕೆ, ಲಟ್ಟಿಸೋದಕ್ಕೆ ಎರಡೂವರೆ ಅಡಿ ಜಾಗ. ಪೂರ್ವಕ್ಕೆ ಮುಖ ಮಾಡಿ ಒಲೆ ಹಚ್ಚಬೇಕು ಅಂತ ಅಮ್ಮನ ಒಂದೇ ಒಂದು ಷರತ್ತು. ಆಯ್ತು. ಗೋಡೆ ಅಳೆದೆ, ಕಿಟಕಿ ಅಳೆದೆ, ಫ್ರಿಜ್ಜಿನ ಬಾಗಿಲು ತೆರೆದರೆ ಎಷ್ಟು ದೂರ ಬರುತ್ತೆ ಅಂತಲೂ ಅಳೆದೆ. ಎಲ್ಲವನ್ನೂ ಅಳೆದೆ ಅಂತ ಎದೆಯುಬ್ಬಿಸಿಕೊಂಡು ಓಡಾಡಿದೆ.

ಮೇಸ್ತ್ರಿ ನನಗೆ ಪರಿಚಯವಾಗಿದ್ದು ಕಂಠೀರವ ಸ್ಟುಡಿಯೋದಲ್ಲಿ. ಪತ್ರಕರ್ತರ ಟೇಬಲ್ಲಿಗೆ ಕರೆಯದ ದಿನಗಳಲ್ಲಿ ನಾನು ಕಾರ್ಪೆಂಟರ್‌ಗಳ ಜೊತೆ ಊಟಕ್ಕೆ ಕೂತದ್ದುಂಟು. ಸೆಟ್ ಕೆಲಸ ಮೊದಲಿನ ಹಾಗಿಲ್ಲ, ಕಥೆ ನಡೆಯೋದೆಲ್ಲ ಈಗ ನಿಜವಾದ ಮನೆಗಳಲ್ಲೇ. ಹಾಗಾಗಿ ಅವರು ಖಾಲಿ ಇದ್ದರು. ಗಾರೆ ಕೆಲಸಕ್ಕೆ ತಮ್ಮ ಕಡೆಯ ಒಬ್ಬ ಹುಡುಗನನ್ನೂ ಕರೆತಂದರು. "ಹತ್ತು ದಿವ್ಸ ಸಾರ್. ಹನ್ನೊಂದನೇ ದಿನ ಅಮ್ಮಾವ್ರು ಹಾಲುಕ್ಕಿಸ್ತಾರೆ" ಅಂದರು. ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ಯಾವ ಕಡೆಯಿಂದ ನೋಡ್ತಾರೆ ಸಾರ್?"

ಆಗ ನಕ್ಕೆ. ಆಮೇಲೆ ಗೊತ್ತಾಯಿತು, ಅದು ನಗುವ ಮಾತಾಗಿರಲಿಲ್ಲ.

ಶಿವರಾತ್ರಿ ಮಾರ್ಚ್ 8ಕ್ಕೆ ಮುಗಿಯಿತು. ಸೋಮವಾರ, 11ಕ್ಕೆ ಮೊದಲ ಸುತ್ತಿಗೆ ಏಟು. ಯುಗಾದಿ ಏಪ್ರಿಲ್ 9. ಲೆಕ್ಕ ಹಾಕಿ ನೋಡಿ, ಇಪ್ಪತ್ತೊಂಬತ್ತು ದಿನ. ಹತ್ತು ದಿನದ ಕೆಲಸಕ್ಕೆ ಧಾರಾಳ ಅಲ್ಲವೇ?

ವರಾಂಡದಲ್ಲಿ ವನವಾಸ

ಅಡುಗೆಮನೆ ಒಡೆದ ಮನೆಯಲ್ಲಿ ಬದುಕಿದ್ದೀರಾ ಸ್ವಾಮಿ? ಸಕ್ಕರೆ ಡಬ್ಬಿಯಲ್ಲಿ ಸಿಮೆಂಟು, ತಲೆದಿಂಬಿನ ಕೆಳಗೆ ಸಾಂಬಾರ್ ಪುಡಿ, ಟಿ.ವಿ. ಮೇಲೆ ಇಡ್ಲಿ ಪಾತ್ರೆ. ಪಾತ್ರೆ ತೊಳೆಯೋದು ಬಚ್ಚಲಲ್ಲಿ ಬಗ್ಗಿ. ಕಾಫಿಗೆ ಬೇಕಾದ ಜಾಲರಿ ಮೂರು ದಿನ ಸಿಗಲಿಲ್ಲ, ಆಮೇಲೆ ನನ್ನ ಶರಟುಗಳ ನಡುವೆ ಸಿಕ್ಕಿತು. ಮೊದಲ ವಾರ ಹೋಟೆಲಿನ ಇಡ್ಲಿ-ವಡೆ ತಿಂದು ಹಬ್ಬ ಮಾಡಿದೆವು. ಎರಡನೇ ವಾರ ಇಡ್ಲಿ ಕಂಡರೆ ಆಗುತ್ತಿರಲಿಲ್ಲ.

ಅಮ್ಮ ವರಾಂಡದಲ್ಲಿ ಸ್ಟವ್ ಇಟ್ಟರು, ನೆಲದ ಮೇಲೆ. ಅದನ್ನು ನೋಡಿ ಮೇಸ್ತ್ರಿ ಕೂಗಿದ ಕೂಗಿಗೆ ಬೀದಿಯವರೆಲ್ಲ ಹೊರಗೆ ಬಂದರು. "ಸಿಲಿಂಡರ್‌ಗಿಂತ ಸ್ಟವ್ ಮೇಲಿರ್ಬೇಕಮ್ಮ! ಗ್ಯಾಸು ಗಾಳಿಗಿಂತ ಭಾರ, ಲೀಕಾದ್ರೆ ನೆಲದಲ್ಲೇ ಹರಡ್ಕೊಂಡು ಕೂತಿರುತ್ತೆ." ಬೆಂಕಿ ಅಂದರೆ ಅವರಿಗೆ ಆಗದು. ಕಾರಣ ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ ಮಾತು, "ಪ್ರೀಮಿಯರ್." 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಟಿ.ವಿ. ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರಲ್ಲ, ಆಗ ಇವರು ಇನ್ನೂ ಕೆಲಸ ಕಲಿಯುವ ಹುಡುಗ. ಅಲ್ಲಿ ಇರಲಿಲ್ಲವಂತೆ. ಆದರೆ ಆ ಸುದ್ದಿ ಕೇಳಿದ ದಿನದಿಂದ ಸೆಟ್ ಹಾಕುವಾಗ ಮೊದಲು ಬಾಗಿಲು ನೋಡೋದು ಅಭ್ಯಾಸವಾಯಿತಂತೆ.

ಹಾಗಾಗಿ ನಮ್ಮ ಅಡುಗೆಮನೆಗೆ ಗಾಳಿಯ ವಿಷಯದಲ್ಲಿ ಯಾವ ಕೊರತೆಯೂ ಆಗಲಿಲ್ಲ. ಹಿತ್ತಿಲ ಕಡೆ ಗೋಡೆ ಒಡೆದು ಹೊಸ ಕಿಟಕಿ, ಅದರ ಮೇಲೆ ಎಗ್ಸಾಸ್ಟ್ ಫ್ಯಾನು. ಕಿಟಕಿಯ ಗಾಳಿ ನೇರವಾಗಿ ಉರಿಗೆ ಬಡಿಯಬಾರದು ಅಂತ ಸ್ಟವ್ ಎರಡಡಿ ಪಕ್ಕಕ್ಕೆ. ಸಿಲಿಂಡರ್ ಇಡುವ ಗೂಡಿನ ಬಾಗಿಲಿಗೆ, ನೆಲಕ್ಕೆ ಹತ್ತಿರವಾಗಿ, ಸಾಲು ತೂತು. ಹಳೇ ರಬ್ಬರ್ ಟ್ಯೂಬನ್ನು ಕಿತ್ತೆಸೆದು ಹೊಸದು ತರಿಸಿದರು. "ಐದು ವರ್ಷಕ್ಕೆ ಇದನ್ನ ಬದಲಾಯಿಸ್ಬೇಕು, ಬರ್ಕೊಳ್ಳಿ ಸಾರ್" ಅಂದರು. ಬರೆದುಕೊಂಡಿದ್ದೇನೆ.

ಸ್ಟವ್ ಹಳೇ ಟೇಬಲ್ಲೊಂದರ ಮೇಲೇರಿತು. ಅಮ್ಮ ಒಂದು ಮಣೆಯ ಮೇಲೆ ನಿಂತು ಅಡುಗೆ ಮಾಡತೊಡಗಿದರು. ಮಣೆಯ ಮೇಲೆ ಯಾಕೆ ನಿಲ್ಲುತ್ತಾರೆ ಅಂತ ನಾನು ಯೋಚಿಸಲಿಲ್ಲ. ಕಣ್ಣಿಗೆ ಕಂಡಿತ್ತು, ತಲೆಗೆ ಹೋಗಲಿಲ್ಲ.

ಆ ಮಾರ್ಚಿನಲ್ಲೇ ಬೆಂಗಳೂರಿಗೆ ನೀರಿನ ಹಾಹಾಕಾರ ಶುರುವಾಗಿದ್ದು ನಿಮಗೆ ನೆನಪಿರಬೇಕು. ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಕ್ಕೆ, ಕಟ್ಟಡದ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿಯ ಆದೇಶ. ನಮ್ಮ ಕಟ್ಟೆಗೋ, ಗೋಡೆಯ ಹೊಸ ಪ್ಲಾಸ್ಟರಿಗೋ, ವಾರವಿಡೀ ನೀರು ಕುಡಿಸಬೇಕು. ಇಲ್ಲದಿದ್ದರೆ ಸಿಮೆಂಟು ಒಣಗಿ ಬಿರುಕು ಬಿಡುತ್ತೆ. ಏನು ಮಾಡೋದು? ಎದುರು ಮನೆಯವರ ವಾಟರ್ ಫಿಲ್ಟರಿನಿಂದ ಸುಮ್ಮನೆ ಮೋರಿಗೆ ಹೋಗುತ್ತಿದ್ದ ನೀರನ್ನು ಅಮ್ಮ ಬೆಳಿಗ್ಗೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ ಹಿಡಿದು ತಂದರು. ಬಟ್ಟೆ ಜಾಲಿಸಿದ ನೀರೂ ಆಗುತ್ತೇನಪ್ಪ ಅಂತ ಕೇಳಿದ್ದಕ್ಕೆ ಗಾರೆ ಹುಡುಗ, "ಸೋಪಿನ ನೀರು ಮಾತ್ರ ಬೇಡಮ್ಮ" ಅಂದ. ಗೋಣಿಚೀಲ ನೆನೆಸಿ ಕಟ್ಟೆಗೆ ಹೊದಿಸಿದರು. ಸುರಿದ ನೀರು ಗಳಿಗೆಯಲ್ಲಿ ಹರಿದು ಹೋಗುತ್ತೆ, ಗೋಣಿಯಲ್ಲಿದ್ದದ್ದು ಮಧ್ಯಾಹ್ನದವರೆಗೂ ತಂಪಾಗಿರುತ್ತೆ. ನಡುರಾತ್ರಿ ಅಮ್ಮ ಎದ್ದು ಗೋಣಿ ಮುಟ್ಟಿ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಒಂದು ರಾತ್ರಿ ಬೇಸರ ಕಳೆಯಲು ನನ್ನ ಫೋನಿನಲ್ಲಿ ಮಲಯಾಳಂನ 'ದಿ ಗ್ರೇಟ್ ಇಂಡಿಯನ್ ಕಿಚನ್' ತೋರಿಸಿದೆ. ಜಿಯೋ ಬೇಬಿ ನಿರ್ದೇಶನದ 2021ರ ಚಿತ್ರ, ನಿಮಿಷಾ ಸಜಯನ್ ನಾಯಕಿ. ಸಿಂಕಿನ ಪೈಪ್ ಸೋರುತ್ತೆ, ಪ್ಲಂಬರನ್ನು ಕರೆಸಿ ಅಂತ ಆಕೆ ಹೇಳುತ್ತಲೇ ಇರುತ್ತಾಳೆ, ಗಂಡ ಕರೆಸುವುದೇ ಇಲ್ಲ. ಭಾಷೆ ಬಾರದ ಅಮ್ಮನಿಗೆ ಅದೊಂದು ಅಕ್ಷರವೂ ಬಿಡದೆ ಅರ್ಥವಾಯಿತು. ಪೂರ್ತಿ ನೋಡಿ, "ಆ ಹುಡ್ಗಿ ಬಾಯಿಬಿಟ್ಟು ಕೇಳಿದ್ಲು. ನಾವು ಅದೂ ಕೇಳ್ಲಿಲ್ಲ" ಅಂದು ಮಗ್ಗುಲು ತಿರುಗಿ ಮಲಗಿದರು.

ರೀಟೇಕ್

ಹತ್ತು ದಿನದ ಕೆಲಸ ಇಪ್ಪತ್ತೆರಡು ದಿನಕ್ಕೆ ಮುಗಿಯಿತು. ಏಪ್ರಿಲ್ 2ರ ಸಂಜೆ ದೀಪ ಹಾಕಿದರೆ... ಅಬ್ಬಾ! ಕನ್ನಡಿಯಂಥ ಕಪ್ಪು ಗ್ರಾನೈಟು, ಬಿಳಿ ಟೈಲ್ಸು, ನೀಲಿ ಬಾಗಿಲುಗಳು. ಬಾಗಿಲಲ್ಲಿ ನಿಂತು ನೋಡಿದರೆ ಪಕ್ಕಾ ಸಿನಿಮಾ ಫ್ರೇಮು. ಅಕ್ಕ ಬಂದು ಹದಿನೈದು ಫೋಟೋ ತೆಗೆದಳು. ಅಮ್ಮ "ಚೆನ್ನಾಗಿದೆ" ಅಂದರು. ಹಾಲುಕ್ಕಿಸಿದರು.

ಮಾರನೇ ದಿನ ನಾನು ಗಾಂಧಿನಗರದಿಂದ ಬೇಗ ಬಂದೆ. ಅಮ್ಮ ಹೊಸ ಕಟ್ಟೆಯ ಮುಂದೆ ಮಣೆಯ ಮೇಲೆ ಮಣೆ ಪೇರಿಸಿ ನಿಂತಿದ್ದರು. ಮೊದಲೇ ಮಂಡಿ ನೋವು. ಹೋಳಿಗೆ ಮಗುಚಲು ಕೈ ಚಾಚಿದರು ನೋಡಿ, ಮೇಲಿನ ಮಣೆ ಜಾರಿತು. ಬೀಳಲಿಲ್ಲ, ದೇವರು ದೊಡ್ಡವನು. ಗ್ರಾನೈಟಿನ ಅಂಚು ಹಿಡಿದುಕೊಂಡರು. ಆದರೆ ಮೊಣಕೈ ಕೆಳಗೆ ಕಾವಲಿ ತಗುಲಿ ಬೆರಳುದ್ದ ಬರೆ.

"ಯಾಕಮ್ಮ ಹೇಳ್ಲಿಲ್ಲ?"

"ಏನಂತ ಹೇಳ್ಲೋ? ದುಡ್ಡೆಲ್ಲ ಆಗೋಯ್ತು. ಆ ಮನುಷ್ಯ ಅಷ್ಟು ಆಸೆಯಿಂದ ಮಾಡವ್ನೆ."

ಟೇಪು ತಂದೆ. ಕಟ್ಟೆ 34 ಇಂಚು. ಅದರ ಮೇಲೆ ಸ್ಟವ್ ಐದು ಇಂಚು, ಅದರ ಮೇಲೆ ಕಾವಲಿ. ಅಲ್ಲಿಗೆ ನಲವತ್ತರ ಹತ್ತಿರ. ಅಮ್ಮ ನಾಲ್ಕಡಿ ಎಂಟಿಂಚು. ನಿಂತರೆ ಮೊಣಕೈ ನೆಲದಿಂದ 35 ಇಂಚಿಗೆ ಬರುತ್ತೆ. ಅಂದರೆ ಭುಜದವರೆಗೆ ಕೈ ಎತ್ತಿ ದಿನಕ್ಕೆ ನೂರು ಹೋಳಿಗೆ ಬೇಯಿಸಬೇಕು! ಫ್ರಿಜ್ಜಿನ ಬಾಗಿಲನ್ನೂ ಬಿಡದೆ ಅಳೆದ ಮಹಾಶಯ ನಾನು, ಅಡುಗೆ ಮಾಡುವ ಹೆಂಗಸನ್ನು ಅಳೆದಿರಲಿಲ್ಲ.

ಮೇಸ್ತ್ರಿಗೆ ಫೋನ್ ಮಾಡಿದೆ. ಸೈಕಲ್ ತುಳಿದುಕೊಂಡು ಬಂದರು. ಬರೆ ನೋಡಿ ತುಂಬಾ ಹೊತ್ತು ಮಾತಾಡಲಿಲ್ಲ. "ಆರ್ಟಿಸ್ಟ್ ಸೊಂಟದ ಮೇಲೆ ಫ್ರೇಮಲ್ಲಿ ಚೆನ್ನಾಗಿ ಕಾಣ್ಲಿ ಅಂತ ಯಾವಾಗ್ಲೂ ಇದೇ ಅಳತೆ ಹಾಕೋದು ಸಾರ್. ಅಲ್ಲಿ ಯಾರು ಬೇಯಿಸ್ತಾರೆ?" ಅಂದರು. ಆಮೇಲೆ ಕೇಳಿದರು, "ಹಳೇ ಕಟ್ಟೆ ಎಷ್ಟಿತ್ತಮ್ಮಾ?"

"ಇಪ್ಪತ್ತೆಂಟು" ಅಂದರು ಅಮ್ಮ, ಟೇಪಿನ ಕಡೆ ನೋಡದೆ. "ಕಟ್ಟಿಸೋವಾಗ ಇವರಪ್ಪ ನನ್ನ ಗೋಡೆ ಪಕ್ಕ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೀಟು ಹಾಕಿದ್ರು. ಗಾರೆಯವನು ನಕ್ಕಿದ್ದ."

ಆ ಹಳೇ ಕಟ್ಟೆಯನ್ನು 'ತಗ್ಗು, ಓಲ್ಡ್ ಫ್ಯಾಷನ್' ಅಂತ ಮೂದಲಿಸಿ ಒಡೆಸಿದವನು ನಾನೇ. ಇನ್ನೇನು ಬರೆಯಲಿ...

ಮಾರನೇ ದಿನ, ಏಪ್ರಿಲ್ 4ರ ಬೆಳಿಗ್ಗೆ ಏಳಕ್ಕೆ ಮೇಸ್ತ್ರಿ, ಗಾರೆ ಹುಡುಗ, ನಾನು. ಸಿಂಕಿನ ಕಡೆ ಮುಟ್ಟಲಿಲ್ಲ, ಪಾತ್ರೆ ತೊಳೆಯಲು ಎತ್ತರವೇ ವಾಸಿ, ಬಗ್ಗೋದು ತಪ್ಪುತ್ತೆ. ಸ್ಟವ್ ಇರುವ ಮೂರಡಿ ಭಾಗವನ್ನಷ್ಟೇ ಮಿಷನ್ನಿನಲ್ಲಿ ಕೊಯ್ದು, ಕಲ್ಲನ್ನು ಜೋಪಾನವಾಗಿ ಎತ್ತಿಟ್ಟು, ಕೆಳಗಿನ ಇಟ್ಟಿಗೆಯಲ್ಲಿ ಎರಡು ಸಾಲು ಬಿಡಿಸಿದರು. ಈ ಸಲ ಅಮ್ಮನನ್ನು ನಿಲ್ಲಿಸಿ ಗೋಡೆಗೆ ಗೀಟು ಹಾಕಿದ್ದು ಮೇಸ್ತ್ರಿ. ಅಮ್ಮನಿಗೆ ನಾಚಿಕೆ. "ಚಪ್ಪಲಿ ಹಾಕ್ಕೊಂಡಿದ್ದೀರಾ ಅಮ್ಮಾವ್ರೆ? ಬಿಚ್ಚಿ" ಅಂದರು. ಸಿಲಿಂಡರ್ ಗೂಡು ಪಕ್ಕಕ್ಕೆ, ಎತ್ತರದ ಭಾಗದ ಕೆಳಗೆ ಹೋಯಿತು. ಮೇಸ್ತ್ರಿ ಕೂಲಿ ಬೇಡ ಅಂದರು, ಗಾರೆ ಹುಡುಗನಿಗೆ ಮಾತ್ರ ಕೊಡಿಸಿದರು. ಮತ್ತೆ ಗೋಣಿಚೀಲ, ಮತ್ತೆ ಎದುರು ಮನೆಯ ಬಿಂದಿಗೆ ನೀರು, ಮತ್ತೆ ನಡುರಾತ್ರಿಯ ತಪಾಸಣೆ.

ಏಪ್ರಿಲ್ 8, ಅಮಾವಾಸ್ಯೆ. ಬೆಳಗಿನ ಜಾವ ನಾಲ್ಕಕ್ಕೆ ಕಣ್ಣು ಬಿಟ್ಟರೆ ತುಪ್ಪದ ವಾಸನೆ. ಅಮ್ಮ ನೆಲದ ಮೇಲೆ ಎರಡೂ ಕಾಲೂರಿ, ತಗ್ಗಿನ ಕಟ್ಟೆಯ ಮುಂದೆ ನಿಂತಿದ್ದರು. ಬಲಗೈಗೆ ಬ್ಯಾಂಡೇಜು. ತಟ್ಟೋದು ಬೇಯಿಸೋದು, ತಟ್ಟೋದು ಬೇಯಿಸೋದು. ಸಂಜೆಯ ಹೊತ್ತಿಗೆ ನಾಲ್ಕು ನೂರ ಇಪ್ಪತ್ತು ಹೋಳಿಗೆ ಮನೆ ದಾಟಿ ಹೋದವು. ಅದರಲ್ಲಿ ಇಪ್ಪತ್ತು ಮೇಸ್ತ್ರಿ ಮನೆಗೆ, ಪುಕ್ಕಟೆ.

ಕಟ್ಟೆ ಈಗ ಮೆಟ್ಟಿಲಿನ ಹಾಗೆ ಕಾಣುತ್ತೆ. ಬಂದವರು "ಇದೇನು, ಅಳತೆ ತಪ್ಪಿತೇ?" ಅಂತ ಕೇಳುತ್ತಾರೆ. ಅಮ್ಮ "ಹೂಂ" ಅಂತಾರೆ ಅಷ್ಟೇ. ಅಕ್ಕ ತೆಗೆದ ಹದಿನೈದು ಫೋಟೋಗಳೂ ಈಗ ಸುಳ್ಳಾದವು.

ಆಮೇಲೊಂದು ದಿನ ಮೇಸ್ತ್ರಿ ಫೋನ್ ಮಾಡಿದರು. ಯಾವುದೋ ಸೀರಿಯಲ್ಲಿಗೆ ಅಡುಗೆಮನೆ ಸೆಟ್ ಹಾಕುವ ಕೆಲಸ ಸಿಕ್ಕಿತ್ತಂತೆ. "ಅತ್ತೆ ಪಾರ್ಟ್ ಮಾಡೋರು ಎಷ್ಟು ಎತ್ತರ ಇದಾರೆ ಅಂತ ಮ್ಯಾನೇಜರ್‌ನ ಕೇಳ್ದೆ ಸಾರ್. ಅಲ್ಲಿದ್ದೋರೆಲ್ಲ ನಗೋಕೆ ಶುರು ಮಾಡಿದ್ರು."

"ಆಮೇಲೆ?"

"ಆಮೇಲೇನು ಸಾರ್, ನಾನೇ ಹೋಗಿ ಆಯಮ್ಮನ್ನೇ ಕೇಳ್ಕೊಂಡು ಬಂದೆ."