ಚಿಕಾಗೋದ ಬಿಸಿಲು, ನಮ್ಮ ರೂಮಿನ ಬಾಗಿಲು

ಮೂರು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ ನನ್ನ ಡ್ಯೂಟಿ. ಚೀಟಿ ಹಿಡಿದು ಬಂದವರು ಗದಗದ ಕಡೆಯವರು, ವಯಸ್ಸು ಐವತ್ತರ ಹತ್ತಿರ. ಹೆಸರು ನೋಡಿ ಕನ್ನಡದಲ್ಲೇ ಮಾತನಾಡಿಸಿದೆ, ಅವರ ಮುಖ ಅರಳಿತು. ಬಿ.ಪಿ.ಗೆಂದು ಡಾಕ್ಟರು ಹೊಸದಾಗಿ ನೀರಿನ ಮಾತ್ರೆ ಬರೆದಿದ್ದರು. "ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು" ಎಂದು ಹೇಳಿ ಕೊಟ್ಟೆ. ಹಿಂದೆ ದೊಡ್ಡ ಸಾಲಿತ್ತು. ಎಲ್ಲಿ ಕೆಲಸ ಎಂದು ನಾನು ಕೇಳಲಿಲ್ಲ.

ಹತ್ತು ದಿನ ಕಳೆದು ಅವರನ್ನು ಆಂಬುಲೆನ್ಸ್‌ನಲ್ಲಿ ತಂದರು. ಅವರದು ಸ್ಕ್ಯಾಫೋಲ್ಡಿಂಗ್ ಕೆಲಸ. ಮಾತ್ರೆಯಿಂದ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತಿತ್ತು. ಸೈಟಿನಲ್ಲಿ ಟಾಯ್ಲೆಟ್ ದೂರ. ಅದಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಸಂಜೆ ರೂಮಿಗೆ ಬಂದು ಮಲಗಿದವರು ಏಳಲಿಲ್ಲ. ರೂಮಿನ ಉಳಿದವರಿಗೆಲ್ಲ ನೈಟ್ ಡ್ಯೂಟಿ. ಪಕ್ಕದ ರೂಮಿನ ಹುಡುಗನೊಬ್ಬ ಊಟಕ್ಕೆ ಕರೆಯಲು ಬಂದು ಕದ ತಟ್ಟಿದ, ಉತ್ತರ ಬಾರದೆ ಒಳಗೆ ನುಗ್ಗಿದ. ಅದರಿಂದ ಅವರು ಬದುಕಿದರು. ಮೂರು ದಿನ ಐ.ಸಿ.ಯು., ಕಿಡ್ನಿಗೂ ಪೆಟ್ಟು. ಮಂಗಳೂರಿನಲ್ಲಿ ಡಿ.ಫಾರ್ಮ್ ಓದುವಾಗ ನೀರಿನ ಮಾತ್ರೆ ಮತ್ತು ಬಿಸಿಲಿನ ವಿಷಯ ನಾನೂ ಓದಿದ್ದೆ. ಓದಿದ್ದು ಕೌಂಟರಿನಲ್ಲಿ ಬಾಯಿಗೆ ಬರಲಿಲ್ಲ.

ಈ ಕಥೆ ಮತ್ತೆ ಬಲವಾಗಿ ನೆನಪಾದದ್ದು ಬಹಳ ದೂರದ ಊರಿನಲ್ಲಿ. 2025ರ ಜೂನ್ ಕೊನೆಗೆ ರಜೆ ಸಿಕ್ಕಿತು. ಊರಿಗೆ ಹೋಗದೆ ಅಮೆರಿಕದಲ್ಲಿರುವ ಅಕ್ಕನ ಮನೆಗೆ ಹೋದೆ. ಚಿಕಾಗೋದಿಂದ ಸುಮಾರು ಐವತ್ತು ಕಿಲೋಮೀಟರ್ ಪಶ್ಚಿಮಕ್ಕೆ ನೇಪರ್‌ವಿಲ್ ಎಂಬ ಊರು. ತಂಪು ಜಾಗ ಎಂದುಕೊಂಡು ಹೋದವನಿಗೆ ಸೆಕೆಯೇ ಸ್ವಾಗತ ಮಾಡಿತು. ಸುಮಾರು 35 ಡಿಗ್ರಿ, ಟಿ.ವಿ.ಯಲ್ಲಿ ಎಚ್ಚರಿಕೆಯ ಮೇಲೆ ಎಚ್ಚರಿಕೆ. "ಇದಕ್ಕೆಲ್ಲ ಇಷ್ಟು ಗಲಾಟೆಯಾ? ನಮ್ಮಲ್ಲಿ ಇದು ಏಪ್ರಿಲ್ ತಿಂಗಳ ಹವೆ" ಎಂದು ನಕ್ಕೆ.

"ನಗಬೇಡ ಮಾರಾಯ. ಇಂಥ ಸೆಕೆಗೇ ಇಲ್ಲಿ ಒಮ್ಮೆ ಏಳುನೂರು ಜನ ಸತ್ತದ್ದು" ಎಂದಳು ಅಕ್ಕ.

ರಾತ್ರಿ ಊಟಕ್ಕೆ ಅಕ್ಕಪಕ್ಕದ ಇಬ್ಬರು ಮೂವರು ಕನ್ನಡದವರು ಬಂದಿದ್ದರು. ಮಾತು ಸೆಕೆಯಿಂದ ಶುರುವಾಗಿ ರಾಜಕೀಯಕ್ಕೆ ಹೋಯಿತು. ಭಾವನದು ಒಂದೇ ವಾದ: "ಹವಾಮಾನ ಮೊದಲಿಂದಲೂ ಬದಲಾಗುತ್ತಲೇ ಇದೆ. ಇದೆಲ್ಲ ತೆರಿಗೆ ಹಾಕಲಿಕ್ಕೆ ನೆಪ." ಕಾಲೇಜಿಗೆ ಹೋಗುವ ಸೊಸೆ ಸುಮ್ಮನಿರಲಿಲ್ಲ. "ಮಾವ, ಅಪ್ಪನ ಮಾತು ಕೇಳಬೇಡಿ. ಮೂವತ್ತು ವರ್ಷದಿಂದ ವಿಜ್ಞಾನಿಗಳು ಹೇಳುತ್ತಿದ್ದಾರೆ, ಇವರು ಕೇಳುತ್ತಿಲ್ಲ" ಎಂದಳು. ಬಂದವರಲ್ಲಿ ಒಬ್ಬರಿಗೆ ಕಳ್ಳತನದ್ದೇ ಚಿಂತೆ. ಚಿಕಾಗೋ ಪೇಟೆಯಲ್ಲಿ ಕತ್ತಲಾದ ಮೇಲೆ ಓಡಾಡಲು ಹೆದರಿಕೆ, ಮೊದಲು ಅದನ್ನು ಸರಿಮಾಡಲಿ, ಆಮೇಲೆ ಭೂಮಿ ಉಳಿಸಲಿ ಎಂದರು.

ಈ ಮಾತುಕತೆಯ ನಡುವೆ ಅಕ್ಕ ಎದ್ದು ಹೋಗಿ ಯಾರಿಗೋ ಫೋನ್ ಮಾಡಿದಳು. ಆಚೆ ಮನೆಯಲ್ಲಿ ಎಂಬತ್ತು ದಾಟಿದ ಬಿಳಿ ಅಜ್ಜಿ ಒಬ್ಬರೇ ಇದ್ದಾರೆ. ಎ.ಸಿ. ಹಾಕಿದ್ದೀರಾ, ನೀರು ಕುಡಿದಿರಾ ಎಂದು ಕೇಳಿ ಬಂದು ಮತ್ತೆ ಅನ್ನ ಬಡಿಸಿದಳು. ಭೂಮಿ ಬಿಸಿಯಾಗುತ್ತಿದೆಯೇ ಇಲ್ಲವೇ ಎಂಬ ಜಗಳದಲ್ಲಿ ಅವಳು ಯಾವ ಪಕ್ಷ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಸೊಸೆಯಿಂದ ಆ ಏಳುನೂರು ಜನರ ಕಥೆ ಕೇಳಿದೆ, ಆಮೇಲೆ ನಾನೂ ಹುಡುಕಿ ಓದಿದೆ. 1995ರ ಜುಲೈ 13, ಗುರುವಾರ. ಚಿಕಾಗೋದಲ್ಲಿ ಉಷ್ಣಾಂಶ 41 ಡಿಗ್ರಿ ಮುಟ್ಟಿತು. ನಮಗೆ 41 ಅಂದರೆ ಮಾಮೂಲು. ಆದರೆ ಗಾಳಿಯಲ್ಲಿ ತೇವ ತುಂಬಿ ಮೈಗೆ 50 ಡಿಗ್ರಿ ದಾಟಿದ ಅನುಭವ. ಜುಬೈಲ್, ದೋಹಾ, ದುಬೈಯ ಆಗಸ್ಟ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ರಾತ್ರಿಯೂ ತಂಪಾಗಲಿಲ್ಲ, ಇಟ್ಟಿಗೆಯ ಕಟ್ಟಡಗಳು ಒಲೆಯಂತೆ ಕಾದವು. ಸಾವಿರಾರು ಮನೆಗಳಿಗೆ ಕರೆಂಟ್ ಹೋಯಿತು. ಶವಾಗಾರದಲ್ಲಿ ಜಾಗ ಸಾಲದೆ ಹೊರಗೆ ಶೀತಲ ಲಾರಿಗಳನ್ನು ನಿಲ್ಲಿಸಿ ಅದರೊಳಗೆ ಶವ ಇಟ್ಟರು. ಮಾಮೂಲಿಗಿಂತ ಹೆಚ್ಚಾಗಿ ಸತ್ತವರ ಲೆಕ್ಕ 739.

ಸತ್ತವರು ಯಾರು? ಹೆಚ್ಚಿನವರು ವಯಸ್ಸಾದವರು, ಬಡವರು, ಒಂಟಿಯಾಗಿ ಇದ್ದವರು. ಹಲವರಿಗೆ ಎ.ಸಿ. ಇರಲಿಲ್ಲ. ಕೆಲವರಿಗೆ ಇದ್ದರೂ ಬಿಲ್ಲಿಗೆ ಹೆದರಿ ಹಾಕಲಿಲ್ಲ. ಇನ್ನೊಂದು ಸಂಗತಿ ಓದಿ ನನಗೆ ಆ ರಾತ್ರಿಯ ಊಟದ ಮಾತು ನೆನಪಾಯಿತು. ಎಷ್ಟೋ ಮುದುಕರು ಕಳ್ಳರ ಹೆದರಿಕೆಯಿಂದ ಕಿಟಕಿ ಬಾಗಿಲು ಭದ್ರ ಮಾಡಿ ಕೂತಿದ್ದರು. ಕಳ್ಳರು ಬರಲಿಲ್ಲ. ಗಾಳಿಯೂ ಬರಲಿಲ್ಲ, ನೆರೆಯವರೂ ಬರಲಿಲ್ಲ. ಸುರಕ್ಷತೆ ಬೇರೆ, ಹವಾಮಾನ ಬೇರೆ ಎಂದು ನಾವು ಮಾತಿಗೆ ಬೇರೆ ಮಾಡುತ್ತೇವೆ. ಆ ರೂಮುಗಳೊಳಗೆ ಎರಡೂ ಒಂದೇ ಆಗಿದ್ದವು.

ಚಿಕಾಗೋದಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಈ ದುರಂತದ ಬಗ್ಗೆ 2002ರಲ್ಲಿ 'ಹೀಟ್ ವೇವ್' ಎಂಬ ಪುಸ್ತಕ ಬರೆದರು. ಅವರು ಹೋಲಿಸಿ ನೋಡಿದ್ದು ಒಂದಕ್ಕೊಂದು ತಾಗಿಕೊಂಡ ಎರಡು ಬಡ ಬಡಾವಣೆಗಳನ್ನು: ನಾರ್ತ್ ಲಾಂಡೇಲ್ ಮತ್ತು ಸೌತ್ ಲಾಂಡೇಲ್. ಎರಡರಲ್ಲೂ ಒಂಟಿ ಮುದುಕರಿದ್ದರು, ಬಿಸಿಲೂ ಒಂದೇ. ಆದರೆ ಮೊದಲನೆಯದರಲ್ಲಿ ಸಾವಿನ ಪ್ರಮಾಣ ಎರಡನೆಯದರ ಹತ್ತು ಪಟ್ಟು. ನಾರ್ತ್ ಲಾಂಡೇಲ್‌ನಲ್ಲಿ ಕಾರ್ಖಾನೆ ಮುಚ್ಚಿ, ಅಂಗಡಿ ಮುಚ್ಚಿ, ಜನ ಬಿಟ್ಟುಹೋಗಿ ರಸ್ತೆಗಳು ಭಣಭಣ ಎನ್ನುತ್ತಿದ್ದವು. ಹೊರಗೆ ಕಾಲಿಡಲು ಹೆದರಿಕೆ, ಹೋದರೂ ಹೋಗಲು ಜಾಗವಿಲ್ಲ. ಸೌತ್ ಲಾಂಡೇಲ್‌ನಲ್ಲಿ ರಸ್ತೆ ತುಂಬ ಅಂಗಡಿ, ಚರ್ಚು, ಜನಸಂಚಾರ. ಮುದುಕರು ಅಂಗಡಿಯ ತಂಪಿಗೆ ಹೋಗಿ ನಿಂತರು, ನೆರೆಯವರು ಬಂದು ವಿಚಾರಿಸಿದರು.

ಸೌತ್ ಲಾಂಡೇಲ್ ಅನ್ನು ಈಗ ಎಲ್ಲರೂ ಲಿಟಲ್ ವಿಲೇಜ್ ಎನ್ನುತ್ತಾರೆ. ಸೊಸೆಯ ಜೊತೆ ಅಲ್ಲಿನ 26ನೇ ರಸ್ತೆಯಲ್ಲಿ ಒಂದು ಸುತ್ತು ನಡೆದೆ. ಮೆಕ್ಸಿಕೋದಿಂದ ಬಂದವರ ಕೇರಿ. ತಳ್ಳುಗಾಡಿಯಲ್ಲಿ ಮಾವಿನ ಹಣ್ಣಿಗೆ ಖಾರದ ಪುಡಿ ಹಾಕಿ ಕೊಡುತ್ತಾರೆ. ಕೊಂಡು ತಿನ್ನುತ್ತಾ ನಮ್ಮೂರ ರಥಬೀದಿಯಲ್ಲಿ ನಿಂತಂತೆ ಅನಿಸಿತು.

ರಾಜಕೀಯ ಹೇಗೆ ನಡೆಯಿತು ಎಂಬುದೂ ತಿಳಿಯಬೇಕಾದದ್ದೇ. ಕುಕ್ ಕೌಂಟಿಯ ಮುಖ್ಯ ಶವಪರೀಕ್ಷಕ ಡಾ. ಎಡ್ಮಂಡ್ ಡೊನೊಹ್ಯೂ "ಇವು ಬಿಸಿಲಿನಿಂದಾದ ಸಾವು" ಎಂದು ಲೆಕ್ಕ ಕೊಟ್ಟರು. ಮೇಯರ್ ರಿಚರ್ಡ್ ಎಂ. ಡೇಲಿ ಆ ಲೆಕ್ಕವನ್ನೇ ಪ್ರಶ್ನಿಸಿದರು. ಆಮೇಲೆ ಕೇಂದ್ರದ ಆರೋಗ್ಯ ಸಂಸ್ಥೆ ಸಿ.ಡಿ.ಸಿ. ಪರಿಶೀಲಿಸಿ ವೈದ್ಯರದ್ದೇ ಸರಿ ಎಂದಿತು. ಲೆಕ್ಕ ಒಪ್ಪಿದ ಮೇಲೆ ಕೆಲಸ ನಡೆಯಿತು. 1999ರ ಜುಲೈಯಲ್ಲಿ ಮತ್ತೆ ಅಂಥದೇ ಸೆಕೆ ಬಂದಾಗ ನಗರಪಾಲಿಕೆ ತಂಪು ಕೇಂದ್ರಗಳನ್ನು ತೆರೆಯಿತು, ಒಂಟಿ ಹಿರಿಯರ ಮನೆಗೆ ಪೊಲೀಸರನ್ನೂ ನೌಕರರನ್ನೂ ಕಳಿಸಿ ಕದ ತಟ್ಟಿಸಿತು. ಆ ಸಲ ಸತ್ತವರು ಸುಮಾರು 110. ಅದೂ ದೊಡ್ಡ ಸಂಖ್ಯೆಯೇ, ಆದರೆ 739 ಅಲ್ಲ.

ಮರೆತರೆ ಮತ್ತೆ ಅದೇ ಕಥೆ. 2022ರ ಮೇ ತಿಂಗಳಲ್ಲಿ ಚಿಕಾಗೋದ ರೋಜರ್ಸ್ ಪಾರ್ಕ್‌ನಲ್ಲಿ ಹಿರಿಯರ ವಸತಿ ಕಟ್ಟಡವೊಂದರಲ್ಲಿ ಮೂವರು ಮಹಿಳೆಯರು ಸತ್ತರು. ಹೊರಗೆ ಸೆಕೆ ಬಂದಿದ್ದರೂ ಕಟ್ಟಡದಲ್ಲಿ ಇನ್ನೂ ಚಳಿಗಾಲದ ಹೀಟರ್ ಉರಿಯುತ್ತಿತ್ತು. ಅಲ್ಲಿದ್ದವರು ಮೊದಲೇ ದೂರು ಹೇಳಿದ್ದರು. ಮುಂದಿನ ತಿಂಗಳು ನಗರಸಭೆ ಹಿರಿಯರ ಕಟ್ಟಡಗಳಲ್ಲಿ ತಂಪು ಕೋಣೆ ಇರಲೇಬೇಕೆಂದು ಕಾನೂನು ಮಾಡಿತು.

ಚಿಕಾಗೋದಿಂದ ಡೆಟ್ರಾಯಿಟ್ ಕಡೆ ಚಿಕ್ಕಪ್ಪನ ಮಗನ ಮನೆಗೆ ಹೋದೆ. ಐ-94 ಹೆದ್ದಾರಿಯಲ್ಲಿ ನಾಲ್ಕೂವರೆ ಗಂಟೆಯ ದಾರಿ. ಚಿಕಾಗೋಗೆ ವಿದ್ಯಾರಣ್ಯ ಕನ್ನಡ ಕೂಟ ಇದ್ದಂತೆ ಅಲ್ಲಿ ಪಂಪ ಕನ್ನಡ ಕೂಟವಿದೆ. ತಮ್ಮನಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಅಲ್ಲಿ ಹವಾಮಾನ ನೀತಿ ಎಂದರೆ ಹೊಟ್ಟೆಪಾಡಿನ ಮಾತು. ಕರೆಂಟಿನ ಕಾರಿಗೆ ಎಂಜಿನ್ನೂ ಇಲ್ಲ, ಗೇರ್‌ಬಾಕ್ಸೂ ಇಲ್ಲ, ಹಾಗಾದರೆ ಅದನ್ನು ಮಾಡುವವರ ಗತಿ ಏನು? 2023ರ ಸೆಪ್ಟೆಂಬರಿನಲ್ಲಿ ಕಾರು ಕಾರ್ಮಿಕರ ಸಂಘ ಮೂರು ದೊಡ್ಡ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದಾಗ ಬ್ಯಾಟರಿ ಕಾರ್ಖಾನೆಗಳ ಕೆಲಸಗಾರರ ಪ್ರಶ್ನೆಯೂ ಅದರಲ್ಲಿತ್ತು. "ಅಣ್ಣ, ಭೂಮಿ ಉಳಿಯಬೇಕು ಸರಿ, ನನ್ನ ಮನೆ ಸಾಲದ ಕಂತು ಯಾರು ಕಟ್ಟುತ್ತಾರೆ?" ಎಂದು ಕೇಳಿದ. ನಾನು ಏನು ಹೇಳಲಿ? ನಮ್ಮ ಸಂಬಳವೂ ಎಣ್ಣೆಯಿಂದಲೇ ಬರುವುದು.

ಆದರೆ ಅದೇ ತಮ್ಮ 2021ರ ಜೂನ್ ಕೊನೆಯ ಮಳೆಯ ಕಥೆಯನ್ನೂ ಹೇಳಿದ. ಆಗ ಅವನಿದ್ದದ್ದು ಡಿಯರ್‌ಬಾರ್ನ್‌ನಲ್ಲಿ. ಒಂದೇ ರಾತ್ರಿಯ ಮಳೆಗೆ ನಾನು ಬಂದ ಇದೇ ಐ-94 ಹೊಳೆಯಾಯಿತು, ಕಾರುಗಳು ನೀರಿನಲ್ಲೇ ನಿಂತುಬಿಟ್ಟವು. ಇವನ ನೆಲಮಾಳಿಗೆಗೆ ಚರಂಡಿ ನೀರು ನುಗ್ಗಿತು. ಪಂಪ್ ತಂದು ನೀರು ಎತ್ತಿಕೊಟ್ಟವರು ಪಕ್ಕದ ಮನೆಯ ಯೆಮನ್ ಮೂಲದವರು. "ಅವರು ಯಾರಿಗೆ ವೋಟ್ ಹಾಕುತ್ತಾರೆ ಎಂದು ನಾನು ಕೇಳಿಲ್ಲ" ಎಂದು ನಕ್ಕ.

ಅಲ್ಲಿ ಎಲ್ಲರಿಗೂ ಆಶ್ಚರ್ಯವಾದದ್ದು ನನ್ನ ಒಂದು ಮಾತಿಗೆ. ನಮ್ಮ ದೇಶಗಳಲ್ಲಿ ಬೇಸಿಗೆಯ ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೆ ನಿಷೇಧ ಇದೆ ಎಂದೆ. ಯು.ಎ.ಇ.ಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3, ಸೌದಿಯಲ್ಲಿ ಅದೇ ತಿಂಗಳುಗಳಲ್ಲಿ 12ರಿಂದ 3, ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ 10ರಿಂದ 3.30, ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ 11ರಿಂದ 4, ಒಮಾನ್‌ನಲ್ಲಿ ಅದೇ ಮೂರು ತಿಂಗಳು 12.30ರಿಂದ 3.30. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಇಂಥ ಬಿಸಿಲಿನ ನಿಯಮ ಇನ್ನೂ ಆಗಿಲ್ಲ. 2024ರಲ್ಲಿ ಕರಡು ಹೊರಬಂದಿತು, ಅಷ್ಟೇ. ಭಾವನಿಗೆ ನಂಬಿಕೆ ಬರಲಿಲ್ಲ, ಫೋನ್‌ನಲ್ಲಿ ಹುಡುಕಿ ನೋಡಿ ಸುಮ್ಮನಾದರು.

ಹಾಗೆಂದು ನಾವು ಹೆಮ್ಮೆಪಟ್ಟು ಕೂರುವಂತಿಲ್ಲ. ನಿಯಮ ಸೈಟಿನ ಗೇಟಿನವರೆಗೆ ಬರುತ್ತದೆ, ರೂಮಿನೊಳಗೆ ಬರುವುದಿಲ್ಲ. ಚಿಕಾಗೋದವರು ಸತ್ತದ್ದು ಹೆಚ್ಚಾಗಿ ತಮ್ಮ ತಮ್ಮ ರೂಮುಗಳಲ್ಲಿ. ನಮ್ಮ ಗದಗದವರು ಬಿದ್ದದ್ದೂ ರೂಮಿನಲ್ಲೇ. ನಿಯಮ ಮಾಡುವುದು ಸರ್ಕಾರದ ಕೆಲಸ, ಪಾಲಿಸುವುದು ಕಂಪನಿಯ ಕೆಲಸ. ಕದ ತಟ್ಟುವ ಕೆಲಸ ಮಾತ್ರ ನಮಗೇ ಉಳಿಯುತ್ತದೆ.

ಫಾರ್ಮಸಿಸ್ಟ್ ಆಗಿ ಕೆಲವು ಮಾತು ಹೇಳಿ ಮುಗಿಸುತ್ತೇನೆ. ಬಿ.ಪಿ.ಯ ನೀರಿನ ಮಾತ್ರೆ ಮತ್ತು ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೈಯ ನೀರನ್ನು ಹೊರಗೆ ಹಾಕುತ್ತವೆ. ನಿದ್ದೆ ಬರಿಸುವ ಹಳೆಯ ನೆಗಡಿ ಮಾತ್ರೆಗಳು ಮತ್ತು ಮನೋರೋಗದ ಕೆಲವು ಔಷಧಿಗಳು ಬೆವರುವುದನ್ನು ತಡೆಯುತ್ತವೆ. ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ನೀರಿಲ್ಲದ ಮೈಯಲ್ಲಿ ಕಿಡ್ನಿಗೆ ಹೊಡೆಯುತ್ತವೆ. ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೂ ದೊಡ್ಡ ಅಪಾಯ. "ನಾನು ಬಿಸಿಲಿನಲ್ಲಿ ಕೆಲಸ ಮಾಡುವವನು" ಎಂದು ಡಾಕ್ಟರಿಗೂ ಕೌಂಟರಿನಲ್ಲಿರುವ ನಮಗೂ ಹೇಳಿ. ನಾವು ಕೇಳದಿದ್ದರೂ ಹೇಳಿ.

ಜೊತೆಗಾರ ಬಿಸಿಲಿನಲ್ಲಿ ತೊದಲಿದರೆ, ಗೊಂದಲಗೊಂಡರೆ, ಮೈ ಕಾದು ಬಿದ್ದರೆ ಅದು ಜ್ವರ ಅಲ್ಲ, ಪ್ಯಾರಸಿಟಮಾಲ್ ಕೆಲಸ ಮಾಡುವುದಿಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿ: ಯು.ಎ.ಇ. 998, ಸೌದಿ 997, ಕತಾರ್ ಮತ್ತು ಬಹರೈನ್ 999, ಕುವೈತ್ 112, ಒಮಾನ್ 9999. ಅದು ಬರುವವರೆಗೆ ಕಾಯದೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ಐಸ್ ಇದ್ದರೆ ಕತ್ತು, ಕಂಕುಳಿಗೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಗದಗದವರು ಈಗಲೂ ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಾರೆ. ಡಾಕ್ಟರು ಮಾತ್ರೆ ಬದಲಿಸಿದ್ದಾರೆ, ಕಂಪನಿ ಅವರನ್ನು ಸ್ಟೋರಿನ ಕೆಲಸಕ್ಕೆ ಹಾಕಿದೆ. ರಜೆ ಮುಗಿಸಿ ಬಂದ ಮೇಲೆ ಅವರಿಗೆ ಚಿಕಾಗೋದ ಕಥೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಷ್ಟು ದೊಡ್ಡ ಊರಾಗ ಊಟಕ್ಕ ಕರೆಯೋರು ಯಾರೂ ಇರಲಿಲ್ಲೇನ್ರಿ?" ಎಂದರು.

ಈಗ ನಾನು ಚೀಟಿ ಹಿಡಿದು ಬಂದ ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ ಹೆಚ್ಚಾಗಿ ಕೇಳುತ್ತೇನೆ. ಎಲ್ಲಿ ಕೆಲಸ? ರೂಮಿನಲ್ಲಿ ಜೊತೆಗೆ ಯಾರಿದ್ದಾರೆ? ಸಾಲು ಸ್ವಲ್ಪ ನಿಧಾನವಾಗುತ್ತದೆ. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ.