ಟಿವಿ ಕೋರ್ಟಿನ ಪರಿಹಾರ

ಪ್ರಶ್ನೆ: ಅಮೆರಿಕದ ಟಿವಿ ಕೋರ್ಟ್ ಕಾರ್ಯಕ್ರಮಗಳಲ್ಲಿ ಗಾಯದ ಪರಿಹಾರದ ದಾವೆ ಕೆಲವೇ ನಿಮಿಷಗಳಲ್ಲಿ ಇತ್ಯರ್ಥವಾಗುವುದು ಹೇಗೆ? ಅದೆಲ್ಲ ನಿಜವೇ?

ಉತ್ತರ: ಜಗಳ ಬಹುಮಟ್ಟಿಗೆ ನಿಜ, ಕೋರ್ಟು ನಿಜವಲ್ಲ. 1981ರಲ್ಲಿ ಶುರುವಾದ ‘ದ ಪೀಪಲ್ಸ್ ಕೋರ್ಟ್’, 1996ರಿಂದ 2021ರವರೆಗೆ ನಡೆದ ‘ಜಡ್ಜ್ ಜೂಡಿ’ಯಂಥವು ಸಣ್ಣ ಮೊತ್ತದ ದಾವೆ ಹೂಡಿದವರನ್ನು ಸ್ಟುಡಿಯೋಗೆ ಕರೆತರುತ್ತಿದ್ದವು. ಅವರು ದಾವೆ ಕೈಬಿಟ್ಟು, ಇಲ್ಲಿನ ಮಧ್ಯಸ್ಥಿಕೆಗೆ ಒಪ್ಪಿ ಸಹಿ ಹಾಕಬೇಕು. ಕರಿಕೋಟು ತೊಟ್ಟು ಪೀಠದಲ್ಲಿ ಕೂತವರು ಅಲ್ಲಿ ಪಂಚರು ಮಾತ್ರ. ಸೋತವರು ಕೊಡಬೇಕಾದ ಹಣವನ್ನು ನಿರ್ಮಾಪಕರೇ ಕೊಡುತ್ತಾರೆ. ಊರಹಬ್ಬದ ಪ್ರದರ್ಶನ ಕಬಡ್ಡಿಯ ಹಾಗೆ: ಆಟಗಾರರು ನಿಜ, ಬೆವರೂ ನಿಜ, ಸೋತವರಿಗೆ ನಷ್ಟ ಮಾತ್ರ ಇಲ್ಲ. ಇನ್ನು ಕೆಲವು ಕಾರ್ಯಕ್ರಮಗಳಲ್ಲಿ ಮೊಕದ್ದಮೆಯೇ ಕಟ್ಟುಕಥೆ, ಕಕ್ಷಿದಾರರು ನಟರು.

ಹೇಗಿದ್ದರೂ ಜನರಿಗೆ ಕಾನೂನಿನ ತಿಳಿವಳಿಕೆ ಬರುತ್ತದಲ್ಲ ಎನ್ನುವವರಿದ್ದಾರೆ. ಬಾಡಿಗೆ, ಕೈಸಾಲದ ತಕರಾರುಗಳಿಗೆ ಈ ಮಾತು ಒಪ್ಪಬಹುದು. ಗಾಯದ ದಾವೆಗೆ ಒಪ್ಪಲಾಗದು. ಅಲ್ಲಿ ವೈದ್ಯರ ಸಾಕ್ಷ್ಯ, ಆಸ್ಪತ್ರೆ ಬಿಲ್ಲು, ತಪ್ಪು ಯಾರದೆಷ್ಟು ಎಂಬ ಲೆಕ್ಕ ಎಲ್ಲವೂ ಬೇಕು. ನ್ಯೂ ಮೆಕ್ಸಿಕೋದಲ್ಲಿ ಮೆಕ್‌ಡೊನಾಲ್ಡ್ಸ್ ಕಾಫಿ ತೊಡೆಯ ಮೇಲೆ ಚೆಲ್ಲಿ 79ರ ವೃದ್ಧೆಯ ಚರ್ಮ ಆಳವಾಗಿ ಸುಟ್ಟು, ಕಸಿ ಮಾಡಬೇಕಾಯಿತು. ಅದಕ್ಕೂ ಮುಂಚೆ ಸುಟ್ಟಗಾಯದ ಸುಮಾರು 700 ದೂರುಗಳು ಕಂಪನಿಗೆ ಬಂದಿದ್ದವೆಂಬುದು ವಿಚಾರಣೆಯಲ್ಲಿ ಹೊರಬಿತ್ತು. 1992ರ ಆ ಗಾಯಕ್ಕೆ ತೀರ್ಪು ಬಂದದ್ದು 1994ರಲ್ಲಿ. ಜ್ಯೂರಿ ಕೊಟ್ಟ 28 ಲಕ್ಷ ಡಾಲರಿಗೂ ಮಿಕ್ಕ ಮೊತ್ತವನ್ನು ನ್ಯಾಯಾಧೀಶರು 6.4 ಲಕ್ಷಕ್ಕೆ ಇಳಿಸಿದರು. ‘ಜಡ್ಜ್ ಜೂಡಿ’ಯಲ್ಲಿ ಕೊಡಬಹುದಾಗಿದ್ದ ಗರಿಷ್ಠ ಪರಿಹಾರ 5,000 ಡಾಲರ್.