ತಂಡದ ಪ್ರಾಜೆಕ್ಟ್: ವಿಷಯದ ಆಯ್ಕೆ ಹೇಗೆ?

ದೊಡ್ಡ ತಂತ್ರಾಂಶಗಳು ನಿಗದಿತ ಕಾಲಕ್ಕೆ ಮುಗಿಯದೆ, ವೆಚ್ಚ ಮಿತಿಮೀರಿ, ದೋಷಗಳಿಂದ ಕೂಡಿರುತ್ತಿದ್ದ ಕಾಲದಲ್ಲಿ, 1968ರಲ್ಲಿ, ಆಗಿನ ಪಶ್ಚಿಮ ಜರ್ಮನಿಯ ಗಾರ್ಮಿಷ್‌ನಲ್ಲಿ ತಜ್ಞರ ಸಮ್ಮೇಳನವೊಂದು ನಡೆಯಿತು. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರು ಪ್ರಚಾರಕ್ಕೆ ಬಂದುದು ಅಲ್ಲಿಂದ. ಇಂದು ನಮ್ಮ ಕಾಲೇಜುಗಳಲ್ಲಿಯೂ ಬೋಧಿಸಲಾಗುತ್ತಿರುವ ಈ ವಿಷಯದ ತಿರುಳು ಇರುವುದು ವಿದ್ಯಾರ್ಥಿಗಳು ತಂಡವಾಗಿ ಕೈಗೊಳ್ಳುವ ಪ್ರಾಜೆಕ್ಟ್‌ನಲ್ಲಿ. ಹಣ ಕೊಟ್ಟು ಸಿದ್ಧ ಪ್ರಾಜೆಕ್ಟ್ ತಂದೊಪ್ಪಿಸಿದರೆ ಅಂಕಗಳು ದೊರೆಯಬಹುದು, ವಿದ್ಯೆ ದೊರೆಯದು.

ಬಳಸುವವರು ಯಾರು?

ವಿಷಯವನ್ನು ಆಯ್ಕೆ ಮಾಡುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಹೋಗಿ ಮಾತನಾಡಿಸಲು ಸಾಧ್ಯವಿರುವ ಬಳಕೆದಾರರು ಇರುವ ವಿಷಯವೇ ಉತ್ತಮ. ಉದಾಹರಣೆಗೆ, ಮುಂಬಯಿ ಅಥವಾ ಪುಣೆಯ ವಿದ್ಯಾರ್ಥಿಗಳು ತಮ್ಮ ಬಡಾವಣೆಯ ಕನ್ನಡ ಸಂಘದ ಪುಸ್ತಕ ಭಂಡಾರಕ್ಕೆ ತಂತ್ರಾಂಶ ರೂಪಿಸಬಹುದು. ಪುಸ್ತಕಗಳ ಪಟ್ಟಿ ಮಾಡುವುದು ಮೊದಲ ನೋಟಕ್ಕೆ ಸುಲಭವಾಗಿ ತೋರುತ್ತದೆ. ಆದರೆ ಒಬ್ಬರೇ ಲೇಖಕರ ಹೆಸರು ದಾಖಲೆಯಲ್ಲಿ ಎರಡು ಬಗೆಯಾಗಿದ್ದರೆ ಏನು ಮಾಡಬೇಕು? ತಂದೆ ಒಯ್ದ ಪುಸ್ತಕವನ್ನು ಮಗಳು ಹಿಂದಿರುಗಿಸಿದರೆ ಹೇಗೆ ದಾಖಲಿಸಬೇಕು? ಹೆಸರುಗಳು ಕನ್ನಡದ ಅಕ್ಷರಕ್ರಮದಲ್ಲಿಯೇ ಬರುವುದು ಹೇಗೆ? ಇಂತಹ ಪ್ರಶ್ನೆಗಳು ಪಠ್ಯಪುಸ್ತಕದಿಂದಲ್ಲ, ಭಂಡಾರವನ್ನು ನೋಡಿಕೊಳ್ಳುವವರ ಪಕ್ಕದಲ್ಲಿ ಕುಳಿತಾಗ ಹುಟ್ಟುತ್ತವೆ.

ಗಾತ್ರ ಮತ್ತು ಅವಧಿ

ಆಕರ್ಷಕ ಹೆಸರಿಗೆ ಮರುಳಾಗಿ ಬೃಹತ್ ವಿಷಯವನ್ನು ಕೈಗೆತ್ತಿಕೊಂಡು, ಸೆಮಿಸ್ಟರ್ ಮುಗಿದರೂ ಏನೂ ನಡೆಯದಿರುವುದುಂಟು. ಪುಸ್ತಕ ಕೊಡುವುದು, ಪಡೆಯುವುದು ಇವೆರಡನ್ನಷ್ಟೇ ಮೊದಲು ಪೂರ್ಣಗೊಳಿಸಿ, ಬಳಸುವವರ ಕೈಗೆ ಕೊಟ್ಟು, ಅವರು ತೋರಿದ ದೋಷಗಳನ್ನು ತಿದ್ದಿ, ಅನಂತರ ಮುಂದುವರಿಯುವುದು ಲೇಸು. ಪರೀಕ್ಷಿಸಿ ತಿದ್ದಲು ಸಾಕಷ್ಟು ಸಮಯವನ್ನು ಆರಂಭದಲ್ಲಿಯೇ ಮೀಸಲಿಡಬೇಕು.

ತಂಡ ಎಷ್ಟು ದೊಡ್ಡದಿರಬೇಕು?

ನಾಲ್ವರ ತಂಡದಲ್ಲಿ ಪರಸ್ಪರ ಮಾತುಕತೆಯ ಜೋಡಿಗಳು 6. ಎಂಟು ಮಂದಿಯಾದರೆ ಅವು 28. ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಎಚ್ಚರಿಸಿದ್ದರು. ಆದುದರಿಂದ ಪ್ರತಿಯೊಬ್ಬರಿಗೂ ಸ್ಪಷ್ಟವಾದ ಪಾಲು ದೊರೆಯುವಂತಹ ವಿಷಯ ಬೇಕು. ಒಬ್ಬರೇ ಎಲ್ಲವನ್ನೂ ಬರೆದು ಉಳಿದವರು ಸಹಿ ಹಾಕಿದರೆ ಅದು ತಂಡದ ಕೆಲಸವಾಗದು.

ಸಮಸ್ಯೆಗಳು ಎಲ್ಲಿ ದೊರೆಯುತ್ತವೆ?

2017ರಲ್ಲಿ ಆರಂಭವಾದ ‘ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ ಸ್ಪರ್ಧೆಯಲ್ಲಿ ಕೇಂದ್ರದ ಸಚಿವಾಲಯಗಳು ತಮ್ಮ ನೈಜ ಸಮಸ್ಯೆಗಳನ್ನು ವಿದ್ಯಾರ್ಥಿಗಳ ಮುಂದಿಡುತ್ತವೆ. ಆ ಪಟ್ಟಿಗಳೂ ಮಾರ್ಗದರ್ಶಕವಾಗಬಲ್ಲವು. ಆದರೆ ಅಲ್ಲಿನ ಸಮಸ್ಯೆಯನ್ನು ಪೂರ್ತಿಯಾಗಿ ಹೊರದೆ, ತಂಡದ ಶಕ್ತಿಗೆ ತಕ್ಕ ಒಂದು ಭಾಗವನ್ನು ಆರಿಸಿಕೊಳ್ಳಬೇಕು.

ವಿಷಯ ಚಿಕ್ಕದೆಂದು ಅಧ್ಯಾಪಕರಾಗಲಿ ಪೋಷಕರಾಗಲಿ ಹೀಗಳೆಯಬಾರದು. ಪ್ರಾಜೆಕ್ಟ್ ಒಪ್ಪಿಸಿದ ಮರುದಿನವೂ ಒಬ್ಬರಾದರೂ ಅದನ್ನು ಬಳಸುತ್ತಿದ್ದರೆ, ಆಯ್ಕೆ ಸರಿಯಾಗಿತ್ತೆಂದೇ ತಿಳಿಯಬೇಕು.